ವಾಟರ್ ಮೆಟ್ರೋ: ದೋಣಿಯ ಒಡಲಿಗೂ ಲೆಕ್ಕ ಬೇಕು

2024ರ ಫೆಬ್ರವರಿಯಲ್ಲಿ ಮಂಡನೆಯಾದ ರಾಜ್ಯ ಬಜೆಟ್‌ನಲ್ಲಿ ಮಂಗಳೂರಿಗೆ ವಾಟರ್ ಮೆಟ್ರೋ ಘೋಷಣೆಯಾಯಿತು. ನೇತ್ರಾವತಿ, ಗುರುಪುರ ನದಿಗಳ ದಡದ ಜನರಿಗೆ ಇದು ಸಂತಸದ ಸುದ್ದಿಯೇ. ಇಂತಹ ಯೋಜನೆ ಬಂದಾಗ ನಾವು ಜೆಟ್ಟಿ ಎಲ್ಲಿ, ಟಿಕೆಟ್ ಎಷ್ಟು ಎಂದು ಕೇಳುತ್ತೇವೆ. ನೀರಿನೊಳಗೆ ಮುಳುಗಿರುವ ದೋಣಿಯ ಒಡಲು ಹೇಗಿರುತ್ತದೆ ಎಂದು ಕೇಳುವವರು ಎಷ್ಟು ಮಂದಿ? ಇಂಧನದ ಖರ್ಚು ದೊಡ್ಡ ಪ್ರಮಾಣದಲ್ಲಿ ನಿರ್ಧಾರವಾಗುವುದು ಅಲ್ಲಿಯೇ.

ಚಲಿಸುವ ದೋಣಿಯನ್ನು ನೀರು ಮುಖ್ಯವಾಗಿ ಎರಡು ರೀತಿಯಲ್ಲಿ ತಡೆಯುತ್ತದೆ. ಒಂದು, ಒಡಲಿಗೆ ನೀರು ಉಜ್ಜುವ ಘರ್ಷಣೆ. ಇನ್ನೊಂದು, ಅಲೆಗಳನ್ನು ಎಬ್ಬಿಸಲು ವ್ಯಯವಾಗುವ ಶಕ್ತಿ. ವೇಗ ಹೆಚ್ಚಿದಂತೆ ಅಲೆಯ ತಡೆ ಬಹುಬೇಗ ಏರುತ್ತದೆ. ಘರ್ಷಣೆಯೊಂದನ್ನೇ ಲೆಕ್ಕ ಹಾಕಿದರೂ ವೇಗ ಇಮ್ಮಡಿಯಾದರೆ ಬೇಕಾಗುವ ಶಕ್ತಿ ಸುಮಾರು 8 ಪಟ್ಟು!

'ಕಟ್ಟುಮರಂ' ಎಂಬ ತಮಿಳು ಪದದಿಂದ ಹುಟ್ಟಿದ ಕ್ಯಾಟಮರಾನ್ ಎಂಬ ಹೆಸರು ಇಂದು ಜೋಡಿ ಒಡಲಿನ ದೋಣಿಗೆ ಸಲ್ಲುತ್ತದೆ. ಒಂದು ಅಗಲವಾದ ಒಡಲಿನ ಬದಲು ಎರಡು ಸಪೂರ ಒಡಲುಗಳು ನೀರನ್ನು ಸೀಳುವುದರಿಂದ ಅಲೆ ಕಡಿಮೆ. ಆದರೆ ನೀರಿಗೆ ತಾಗುವ ಮೈ ಹೆಚ್ಚಾಗಿ ಘರ್ಷಣೆ ಏರುತ್ತದೆ. ಎರಡು ಒಡಲುಗಳ ನಡುವಿನ ಅಂತರ ತಪ್ಪಿದರೆ ಅವುಗಳ ಅಲೆಗಳು ಸೇರಿ ತಡೆ ಇನ್ನೂ ಬೆಳೆಯಬಹುದು. ಆದ್ದರಿಂದ ಕ್ಯಾಟಮರಾನ್ ಎಂದ ಮಾತ್ರಕ್ಕೆ ಉಳಿತಾಯವಾಗುವುದಿಲ್ಲ, ಲೆಕ್ಕ ಬೇಕು.

ಆ ಲೆಕ್ಕದ ದಾರಿ ತೋರಿದವರು ಇಂಗ್ಲೆಂಡಿನ ವಿಲಿಯಂ ಫ್ರೌಡ್. 1870ರ ದಶಕದಲ್ಲಿ ಅವರು ಟಾರ್ಕಿಯ ತೊಟ್ಟಿಯಲ್ಲಿ ಪುಟ್ಟ ಮಾದರಿ ಹಡಗುಗಳನ್ನು ಎಳೆದು ತಡೆಯನ್ನು ಅಳೆದರು. ಮಾದರಿಯ ಉದ್ದ 16ನೇ ಒಂದು ಪಾಲಾದರೆ ವೇಗ ನಾಲ್ಕನೇ ಒಂದು ಪಾಲು. ಆಗ ಅಲೆಗಳ ವಿನ್ಯಾಸ ಒಂದೇ ಆಗಿರುತ್ತದೆ. ಘರ್ಷಣೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೂಡಿಸಬೇಕು. 1898ರಲ್ಲಿ ಆಸ್ಟ್ರೇಲಿಯಾದ ಜಾನ್ ಮಿಷೆಲ್ ಸಪೂರ ಹಡಗಿನ ಅಲೆ ತಡೆಗೆ ಗಣಿತ ಸೂತ್ರವನ್ನೇ ಕೊಟ್ಟರು. ಇಂದು ಕಂಪ್ಯೂಟರ್ ಇದೆ, ತೊಟ್ಟಿಯ ಪರೀಕ್ಷೆಯೂ ಉಳಿದಿದೆ.

ಫಲ ನೋಡಲು ದೂರ ಹೋಗಬೇಕಾಗಿಲ್ಲ. ಕೇರಳದ ವೈಕಂನಲ್ಲಿ 2017ರ ಜನವರಿಯಲ್ಲಿ ಸಂಚಾರಕ್ಕಿಳಿದ ಸೌರದೋಣಿ 'ಆದಿತ್ಯ' ಒಂದು ಕ್ಯಾಟಮರಾನ್. 20 ಮೀಟರ್ ಉದ್ದ, 75 ಪ್ರಯಾಣಿಕರು. ಆದರೆ ಮೋಟಾರುಗಳು 20 ಕಿಲೋವ್ಯಾಟ್‌ನ ಎರಡು ಮಾತ್ರ. ಹಗುರ ಮೈ, ಸಪೂರ ಒಡಲು, ಸಾಧಾರಣ ವೇಗ ಇವು ಮೊದಲೇ ಶಕ್ತಿಯ ಬೇಡಿಕೆಯನ್ನು ಇಳಿಸಿದ್ದರಿಂದಲೇ ಚಾವಣಿಯ ಬಿಸಿಲು ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಒದಗಿಸಿತು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ವಾಟರ್ ಮೆಟ್ರೋದ ದೋಣಿಗಳೂ ಜೋಡಿ ಒಡಲಿನವೇ.

ಇನ್ನೊಂದು ಮಾತಿದೆ. ದೋಣಿ ಎಬ್ಬಿಸುವ ಅಲೆ ವ್ಯರ್ಥವಾದ ಇಂಧನ ಮಾತ್ರವಲ್ಲ. ಅದು ನದಿಯ ದಂಡೆಯನ್ನು ಕೊರೆಯುತ್ತದೆ, ಬಲೆ ಬೀಸುವ ಬಡವನ ಸಣ್ಣ ದೋಣಿಯನ್ನು ಅಲುಗಾಡಿಸುತ್ತದೆ. ಆದ್ದರಿಂದ ಸಾರ್ವಜನಿಕ ಸಭೆಗಳು ನಡೆದರೆ ನದಿತೀರದ ನಮ್ಮ ಜನರು ಮೂರು ಪ್ರಶ್ನೆ ಕೇಳಲಿ: ತುಂಬಿದ ದೋಣಿಯ ತೂಕವೆಷ್ಟು? ನಿತ್ಯದ ವೇಗದಲ್ಲಿ ತಡೆ ಎಷ್ಟು? ಆಗ ದಂಡೆಗೆ ಬಡಿಯುವ ಅಲೆಯ ಎತ್ತರವೆಷ್ಟು? ದೋಣಿ ಕಟ್ಟುವ ಮುನ್ನವೇ ಈ ಮೂರಕ್ಕೂ ಉತ್ತರ ಲೆಕ್ಕ ಹಾಕಲು ಸಾಧ್ಯ. ಕಟ್ಟಿದ ಮೇಲೆ ಒಡಲನ್ನು ಬದಲಿಸುವುದು ಸುಲಭವಲ್ಲ.