ಅಡವಿಗೆ ಬನ್ನಿ, ಕಡ್ಡಿಪೆಟ್ಟಿಗೆ ಬಿಟ್ಟು ಬನ್ನಿ

ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಸಮೀಪಿಸುವ ಹೊತ್ತಿಗೆ ನಮ್ಮ ದುಂಡಸಿಯ ಅಡವಿಯಲ್ಲಿ ಮುತ್ತಲಗಿಡ ಎಲೆಯೆಲ್ಲ ಕಳಚಿ ಕೆಂಪಗೆ ನಿಲ್ಲುತ್ತದೆ. ಬೂರುಗ ಅದಕ್ಕೂ ತುಸು ಮೊದಲೇ ಅರಳಿರುತ್ತದೆ. ಕಕ್ಕೆಯ ಹಳದಿ ಗೊಂಚಲು ನೋಡಲು ಯುಗಾದಿ ದಾಟಬೇಕು. ಅರೆಮಲೆನಾಡಿನ ಈ ಕಾಡು ಚೆಲುವಾಗುವುದು ಒಣಗಿ ನಿಂತ ದಿನಗಳಲ್ಲೇ. ಬೆಂಕಿ ಬೀಳುವುದೂ ಅದೇ ದಿನಗಳಲ್ಲಿ.

ಬೆಂಕಿ ಬಿತ್ತು ಅನ್ನುತ್ತೇವೆ. ಬೇಸಿಗೆಯಲ್ಲಿ ಅದು ತಾನಾಗಿ ಬೀಳುವುದು ತೀರ ಅಪರೂಪ. ಹೊಸ ಹುಲ್ಲು ಚಿಗುರಲಿ ಎಂದು ಹಚ್ಚುತ್ತೇವೆ, ಸೇದಿದ ಬೀಡಿಯನ್ನು ತರಗೆಲೆಯ ಮೇಲೆ ಒಗೆಯುತ್ತೇವೆ, ಹೊಲದ ಬದುವಿಗಿಟ್ಟ ಕಿಚ್ಚು ಅಡವಿ ಹೊಕ್ಕಾಗ ಮುಖ ತಿರುಗಿಸುತ್ತೇವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ 10 ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟಾಗ ಟಿವಿ ಮುಂದೆ ಕೂತು ಮರುಗಿದೆವಲ್ಲ, ನಮ್ಮ ಅಡವಿ ಸುಟ್ಟಾಗ ಟಿವಿಯವರು ಬರುವುದಿಲ್ಲ. ಮರುಗಬೇಕಾದವರು ನಾವೇ, ತಡೆಯಬೇಕಾದವರೂ ನಾವೇ.

ಮುತ್ತಲಕ್ಕೆ ಏನೂ ಆಗುವುದಿಲ್ಲ, ಮತ್ತೆ ಚಿಗುರುತ್ತದೆ ಎಂದು ಹಿರಿಯರು ಹೇಳುತ್ತಾರೆ. ದೊಡ್ಡ ಮರದ ಮಟ್ಟಿಗೆ ಆ ಮಾತು ನಿಜ. ಬಾಗಿ ಅದರ ಸುತ್ತಲಿನ ನೆಲ ನೋಡಿ, ಗೇಣುದ್ದದ ಸಸಿ ಕಾಣುತ್ತದೆ. ಬೇಸಿಗೆ ಬಂದರೆ ಸುಟ್ಟು ಕರಕಾಗುತ್ತದೆ, ಮಳೆ ಬಿದ್ದರೆ ಬೇರಿನಿಂದ ಮತ್ತೆ ಗೇಣುದ್ದ ಏಳುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಸುಡುತ್ತದೆ. ಹೀಗಾದರೆ ಅದು ಮರವಾಗುವುದು ಯಾವಾಗ? ಇವತ್ತು ನಾವು ಕಣ್ತುಂಬಿಕೊಳ್ಳುವ ಹೂವು ಅಜ್ಜನ ಕಾಲದ ಮರದ್ದು. ಮೊಮ್ಮಕ್ಕಳು ನೋಡಬೇಕಾದ ಮರವನ್ನು ಸಸಿಯಲ್ಲೇ ಕೊಲ್ಲುತ್ತಿದ್ದೇವೆ.

ಬಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟುಕೊಳ್ಳಿ. ಕಪ್ಪು ಮಖಮಲ್ಲಿನಂಥ ಪುಟ್ಟ ಬಟ್ಟಲು. ಅದರೊಳಗಿಂದ ಗಿಳಿಯ ಕೊಕ್ಕಿನಂತೆ ಬಾಗಿದ ಎಸಳು, ಎಸಳ ಹೊರಮೈಗೆ ಬೆಳ್ಳಿಯಂಥ ನವಿರು. ಕೊಂಬೆಯಲ್ಲಿ ಸೂರಕ್ಕಿ ಮಕರಂದಕ್ಕೆ ಕೊಕ್ಕಿಟ್ಟಾಗ ಪರಾಗ ಮೈಗೆ ಮೆತ್ತಿಕೊಂಡು ಹೂವಿನಿಂದ ಹೂವಿಗೆ ಹೋಗುತ್ತದೆ. ಆಮೇಲೆ ಚಪ್ಪಟೆ ಕಾಯಿ. ತುದಿಯಲ್ಲಿ ಒಂದೇ ಒಂದು ಬೀಜ. ಒಂದು ಫೋಟೋಗಾಗಿ, ಒಂದು ರೀಲ್ಸ್‌ಗಾಗಿ ಟೊಂಗೆ ಮುರಿಯುವ ತಮ್ಮಂದಿರೇ, ಮುರಿಯುವುದು ಈ ಬೀಜಗಳನ್ನು. ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್‌ನಲ್ಲಿ 2019ರ ವಸಂತದಲ್ಲಿ ಪಾಪಿ ಹೂ ನೋಡಬಂದ ಜನ ಹೂವನ್ನೇ ತುಳಿದರು. 2023ರಲ್ಲಿ ಮತ್ತೆ ಹೂ ಅರಳಿದಾಗ ಅಲ್ಲಿನ ಹೂವಿನ ಕಣಿವೆಯ ದಾರಿ ಮುಚ್ಚಿತ್ತು. ನಮ್ಮ ಮಕ್ಕಳಿಗೆ ನಮ್ಮದೇ ಅಡವಿ ಮುಚ್ಚುವ ದಿನ ಬರುವುದು ಬೇಡ.

ಹಾಗಂತ ಮನೆಯಲ್ಲೇ ಕೂರಬೇಡಿ. ನೋಡದವರಿಗೆ ಕಾಡು ಸುಟ್ಟರೂ ಹೊಟ್ಟೆ ಉರಿಯುವುದಿಲ್ಲ. ಬರುವ ಭಾನುವಾರ ಬಿಸಿಲೇರುವ ಮೊದಲೇ, ಅರಣ್ಯ ಇಲಾಖೆಯವರಿಗೆ ಒಂದು ಮಾತು ತಿಳಿಸಿ, ಮಕ್ಕಳ ಕೈ ಹಿಡಿದು ನಡೆದು ಹೊರಡಿ. ಬುತ್ತಿ ಇರಲಿ, ನೀರಿರಲಿ. ಕಡ್ಡಿಪೆಟ್ಟಿಗೆ, ಬೀಡಿ ಮನೆಯಲ್ಲೇ ಇರಲಿ. ಎಲ್ಲಾದರೂ ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಉದುರಿದ ಹೂವನ್ನಷ್ಟೇ ಆಯ್ದುಕೊಳ್ಳಿ. ಕುದಿಸಿ ರಾತ್ರಿಯಿಡೀ ನೆನೆಬಿಟ್ಟರೆ ಬೆಳಗ್ಗೆ ಓಕುಳಿಗೆ ಕೇಸರಿ ಬಣ್ಣ ಸಿದ್ಧ. ದಾರಿಯಲ್ಲಿ ದನ ಕಾಯುವ ಅಣ್ಣ ಸಿಕ್ಕರೆ ಅವನೊಡನೆ ನೆರಳಲ್ಲಿ ಕೂತು ರೊಟ್ಟಿ ಹಂಚಿಕೊಳ್ಳಿ, ಆ ಗೇಣುದ್ದದ ಸಸಿಯನ್ನು ಅವನಿಗೂ ತೋರಿಸಿ.