ಕೇಳಬೇಕಾದುದು ಮದ್ದನ್ನಲ್ಲ

ದಾಸೋಹದ ಪಂಕ್ತಿಯಲ್ಲಿ ತಾಯಂದಿರು ಮಕ್ಕಳ ಕಾಯಿಲೆಯನ್ನು ಪರಸ್ಪರ ಹೇಳಿಕೊಳ್ಳುವುದನ್ನು ನಾವು ತಪ್ಪೆನ್ನುವುದಿಲ್ಲ. ವಿಲ್ಸನ್ ಕಾಯಿಲೆಯನ್ನೇ ನೋಡಿ. ದೇಹದಿಂದ ಹೊರಹೋಗಬೇಕಾದ ತಾಮ್ರವು ಯಕೃತ್ತು, ಮಿದುಳುಗಳಲ್ಲಿ ಸಂಗ್ರಹವಾಗುತ್ತದೆ. ಒಂದು ಮಗುವಿಗೆ ಕಾಮಾಲೆ, ಇನ್ನೊಂದಕ್ಕೆ ಕೈನಡುಕ, ಮತ್ತೊಂದಕ್ಕೆ ತೊದಲು ಮಾತು. ಗಾಳಿ ಸೋಂಕೆಂದು ತಾಯಿತ ಕಟ್ಟಿಸುವವರೂ ಉಂಟು. ಆ ದಾರಿಯಲ್ಲಿ ನಡೆದು ಬಂದ ಕುಟುಂಬವೊಂದು, “ಕಣ್ಣಿನ ಕರಿಗುಡ್ಡೆಯ ಸುತ್ತ ಕಂದು ಉಂಗುರವಿದೆಯೇ ಎಂದು ತೋರಿಸಿದಿರಾ? ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ನೋಡಿಸಿದಿರಾ?” ಎಂದು ಕೇಳಿದರೆ ವರ್ಷಗಳ ಅಲೆದಾಟ ತಪ್ಪೀತು. ಆದರೆ ಅವರ ಮಗುವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ನಮ್ಮ ಮಗುವಿಗೆ ಕೊಡಲಾಗದು. ರೋಗ ನಿಶ್ಚಿತವಾದರೆ ಆರೋಗ್ಯವಂತರಂತೆ ಕಾಣುವ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಪ್ರತಿಯೊಬ್ಬರಿಗೂ ಶೇಕಡಾ 25ರಷ್ಟು ಸಂಭವವಿದೆ. ಸೊಸೆಯನ್ನು ದೂರುವ ಹಿರಿಯರಿಗೆ ಇದನ್ನೂ ಹೇಳಬೇಕಾಗಿದೆ: ಈ ರೋಗದ ಬೀಜ ತಂದೆ, ತಾಯಿ ಇಬ್ಬರಿಂದಲೂ ಬಂದಿರುತ್ತದೆ.