ಬೀಗದ ಮೇಲಿನ ನಂಬರು: ನಂಬುವುದು ಎಷ್ಟು?

ರಾತ್ರಿ ಒಂಬತ್ತು ಹೊಡೆಯಿತೆಂದರೆ ಪೇಟೆ ಬೀದಿಯಲ್ಲಿ ಒಂದೊಂದೇ ಶಟರ್ ದಡದಡ ಇಳಿಯುತ್ತದೆ. ಎಡಕ್ಕೊಂದು ಬೀಗ, ಬಲಕ್ಕೊಂದು ಬೀಗ. ಎರಡೆರಡು ಸಲ ಜಗ್ಗಿ ನೋಡಿ, ದೇವರ ಮೇಲೆ ಭಾರ ಹಾಕಿ, ಮಾಲೀಕರು ಕೊನೇ ಬಸ್ಸಿಗೆ ಓಡುತ್ತಾರೆ. ಬೆಳಗಿನವರೆಗೆ ಅಂಗಡಿಯ ಮಾಲೆಲ್ಲ ಆ ಎರಡು ಬೀಗಗಳ ಕಾವಲಿನಲ್ಲಿ.

ಆ ಬೀಗ ಆರಿಸಿದ್ದಾದರೂ ಹೇಗೆ? ಹಾರ್ಡ್‌ವೇರ್ ಅಂಗಡಿಯಲ್ಲಿ ನಡೆಯುವ ಮಾತು ಇಷ್ಟೇ: "ಗಟ್ಟಿ ಬೀಗ ಕೊಡಿ ಸ್ವಾಮಿ." "ಆರು ಲಿವರ್ ಕೊಡ್ಲಾ, ಏಳು ಲಿವರ್ ಕೊಡ್ಲಾ?" ಅಂಗೈಯಲ್ಲಿ ತೂಗಿ ನೋಡಿ, ಭಾರ ಇದ್ದದ್ದು ಚೀಲಕ್ಕೆ!

ಲಿವರ್ ಲೆಕ್ಕ

ಲಿವರ್ ಎಂದರೆ ಬೀಗದ ಹೊಟ್ಟೆಯೊಳಗಿನ ತೆಳು ತಗಡು. ಕೀ ತಿರುಗಿಸಿದಾಗ ಪ್ರತಿ ತಗಡೂ ತನ್ನ ಸರಿಯಾದ ಎತ್ತರಕ್ಕೆ ಏಳಬೇಕು, ಆಗಲೇ ಬೀಗ ಬಿಡುವುದು. ತಗಡು ಹೆಚ್ಚಿದಷ್ಟೂ ಕಡ್ಡಿ ತೂರಿಸಿ ತೆಗೆಯುವುದು ಕಷ್ಟ. ಇದು ನಿಜವೇ. ಆದರೆ ಕಳ್ಳ ಕಟ್ಟರ್ ಹಿಡಿದು ಬಂದರೆ? ಕೊಂಡಿ ಎಷ್ಟು ತಡೆಯುತ್ತದೆಂದು ಲಿವರ್ ಸಂಖ್ಯೆ ಹೇಳುವುದಿಲ್ಲ. ಕೊಂಡಿಯ ಮೇಲಿನ 'ಹಾರ್ಡನ್ಡ್' ಎಂಬ ಮುದ್ರೆ ಕೊಂಡಿಯ ಉಕ್ಕಿನ ಮಾತು ಮಾತ್ರ. ಇಡೀ ಬೀಗದ ಮಾತಲ್ಲ.

ಎಳೆದು, ಕತ್ತರಿಸಿ, ತಿರುಚಿ

ಈ ಗೊಂದಲಕ್ಕೆ ಯೂರೋಪಿನವರು ಕಂಡುಕೊಂಡ ದಾರಿ ಇಎನ್ 12320 ಎಂಬ ಮಾನಕ. ಈಗಿರುವುದು 2012ರ ಆವೃತ್ತಿ. ಅದರಲ್ಲಿ 1ರಿಂದ 6ರವರೆಗೆ ದರ್ಜೆ. ಬೀಗವನ್ನು ಯಂತ್ರಕ್ಕೆ ಕಚ್ಚಿಸಿ ಕೊಂಡಿ ಎಳೆಯುತ್ತಾರೆ, ಕತ್ತರಿಸುತ್ತಾರೆ, ತಿರುಚುತ್ತಾರೆ, ಹೊಡೆಯುತ್ತಾರೆ. ಮೇಲಿನ ದರ್ಜೆ ಬೇಕಾದರೆ ಡ್ರಿಲ್, ಗರಗಸವನ್ನೂ ತಾಳಬೇಕು.

ಎಳೆತದ ಲೆಕ್ಕ ಕೇಳಿ. 1ನೇ ದರ್ಜೆಯ ಕೊಂಡಿ ಸುಮಾರು 300 ಕಿಲೋ ಭಾರದಷ್ಟು ಎಳೆತ ತಡೆದರೆ ಪಾಸು. 3ನೇ ದರ್ಜೆಗೆ ಒಂದೂವರೆ ಟನ್, 4ಕ್ಕೆ ಮೂರು ಟನ್, 6ಕ್ಕೆ ಹತ್ತು ಟನ್! ಕಣ್ಣಿಗೆ ಒಂದೇ ಥರ ಕಾಣುವ ಎರಡು ಬೀಗಗಳ ನಡುವೆ ಇಷ್ಟು ಅಂತರ ಇರಬಹುದು. ಅಂಗೈ ತೂಕಕ್ಕೆ ಇದು ಸಿಕ್ಕೀತೇ?

ನಮ್ಮಲ್ಲೂ ಬೀಗಕ್ಕೆಂದೇ ಐಎಸ್ 275 ಎಂಬ ಮಾನಕ ಉಂಟು. ಆದರೆ ಕೌಂಟರಿನ ಮುಂದೆ ನಿಂತು "ಐಎಸ್‌ಐ ಮುದ್ರೆ ತೋರ್ಸಿ" ಎನ್ನುವ ಗಿರಾಕಿ ಎಷ್ಟು ಮಂದಿ?

ಸದ್ದಿಲ್ಲದ ಕಳ್ಳ

ಹಾಗಾದರೆ ಆರನೇ ದರ್ಜೆ ಹಾಕಿ ನೆಮ್ಮದಿಯಾಗಿ ಮಲಗಬಹುದೇ? ಸ್ವಲ್ಪ ತಡೆಯಿರಿ. ಯೂರೋಪಿನ ಈ ನಂಬರು ಮುಖ್ಯವಾಗಿ ಅಳೆಯುವುದು ಬಲವನ್ನು. ದರ್ಜೆ ಏರಿದಂತೆ ಬೇರೆ ಬೇರೆ ಕೀಗಳ ಕನಿಷ್ಠ ಸಂಖ್ಯೆಯೂ ಏರಬೇಕೆಂಬ ನಿಯಮ ಇದೆ. ಆದರೆ ಕಡ್ಡಿ ಆಡಿಸಿ ಮೆಲ್ಲಗೆ ತೆಗೆಯುವ ಕೈಚಳಕಕ್ಕೆ ಅದರಲ್ಲಿ ಪರೀಕ್ಷೆ ಇಲ್ಲ. ಇನ್ನು ಕೆಲಸ ಬಿಟ್ಟುಹೋದ ಹುಡುಗನ ಜೇಬಲ್ಲಿ ಡೂಪ್ಲಿಕೇಟ್ ಕೀ ಉಳಿದಿದ್ದರೆ ಯಾವ ದರ್ಜೆಯೂ ಕಾಯದು.

ಇಲ್ಲೇ ವ್ಯಾಪಾರಿಗೆ ಎರಡನೇ ಪೆಟ್ಟು. "ಇನ್ಶೂರೆನ್ಸ್ ಇದೆಯಲ್ಲ" ಎಂಬ ಧೈರ್ಯ ಬಹಳ ಮಂದಿಗೆ. 2004ರಲ್ಲಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಖಡಾಖಂಡಿತ: ಬಲ ಪ್ರಯೋಗಿಸಿ ಒಳನುಗ್ಗಿದ ಕಳವಿಗೆ ಮಾತ್ರ ಎಂದು ಪಾಲಿಸಿಯಲ್ಲಿ ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಇಲ್ಲ. ಮುರಿದ ಗುರುತೇ ಇಲ್ಲದೆ ಬೀಗ ತೆರೆದಿದ್ದರೆ ಮಾಲೂ ಹೋಯಿತು, ಕ್ಲೈಮೂ ಕಷ್ಟ!

ಮಾಡಬೇಕಾದ್ದು

ಆದ್ದರಿಂದ ಬೀಗ ಕೊಳ್ಳುವಾಗ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು. ಮುರಿಯುವವನನ್ನು ಎಷ್ಟು ತಡೆಯುತ್ತದೆ? ತೆಗೆಯುವವನನ್ನು ಎಷ್ಟು ತಡೆಯುತ್ತದೆ? ಮೊದಲನೆಯದಕ್ಕೆ ದಪ್ಪ, ಗಿಡ್ಡ ಕೊಂಡಿ. ಕಟ್ಟರ್ ಬಾಯಿ ತೂರದಂತೆ ಎರಡೂ ಪಕ್ಕ ಭುಜ ಎತ್ತಿರುವ ಬೀಗವಾದರೆ ಇನ್ನೂ ಒಳ್ಳೆಯದು. ಎರಡನೆಯದಕ್ಕೆ ಹೆಚ್ಚು ಲಿವರ್, ಮತ್ತು ಕೀ ಯಾರ್ಯಾರ ಹತ್ತಿರ ಇದೆ ಎಂಬ ಲೆಕ್ಕ. ಆಳು ಬದಲಾದರೆ ಬೀಗವೂ ಬದಲಾಗಲಿ. ಕೊಳ್ಳುವಾಗ ಅದೇ ಡಬ್ಬಿಯ ಇನ್ನೊಂದು ಬೀಗಕ್ಕೆ ಕೀ ಹಾಕಿ ನೋಡಿದರೆ ಖರ್ಚೇನಿಲ್ಲ.

ಶಟರ್ ತಳದಲ್ಲಿ ಬೀಗ ತೂರಿಸುವ ಕಬ್ಬಿಣದ ಕಿವಿಯನ್ನೂ ಬಗ್ಗಿ ನೋಡಿ. ತುಕ್ಕು ತಿಂದು ಕಾಗದದಂತಾದ ಕಿವಿಗೆ ಹತ್ತು ಟನ್ನಿನ ಬೀಗ ಹಾಕಿ ಫಲವೇನು? ಕಳ್ಳ ಬೀಗ ಮುಟ್ಟುವುದೇ ಇಲ್ಲ, ಕಿವಿ ಹಿಂಡಿ ಒಳಗೆ ಹೋಗುತ್ತಾನೆ.

ಅಕಸ್ಮಾತ್ ಕಳವಾದರೆ ಮುರಿದ ಬೀಗ ಗುಡಿಸಿ ಬಿಸಾಡಬೇಡಿ. ಪೊಲೀಸರು ಬರುವತನಕ ಬಿದ್ದಲ್ಲೇ ಇರಲಿ. ಕ್ಲೈಮಿಗೆ ಅದೇ ಸಾಕ್ಷಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ಇವತ್ತು ರಾತ್ರಿ ಶಟರ್ ಇಳಿಸುವಾಗ ಒಂದು ನಿಮಿಷ ಬಗ್ಗಿ ನೋಡಿದರೆ ಕೊನೇ ಬಸ್ಸೇನೂ ತಪ್ಪುವುದಿಲ್ಲ.